ನಮ್ಮ ‘ಡೀಸಿ ಸಾಹೇಬರು’

ದಿಲ್ಲಿಯ ಕನ್ನಡಿಗರ ಮನೆಗಳಿಗೆ ಭಾನುವಾರ ಮಧ್ಯಾಹ್ನದ ಊಟಕ್ಕೆ ಬರುವ ಅತಿಥಿಗಳಲ್ಲಿ ಒಂದು ಬಗೆಯವರುಂಟು. ವಯಸ್ಸು ಇಪ್ಪತ್ತಮೂರರಿಂದ ಮೂವತ್ತೈದರ ಒಳಗೆ, ಹೆಗಲಿಗೊಂದು ಚೀಲ, ಚೀಲದಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದ ಅಂದಿನ ಇಂಗ್ಲಿಷ್ ಪತ್ರಿಕೆ. ಮಾತು ಕಡಿಮೆ. ಸಾರನ್ನು ಮಾತ್ರ ಮೂರು ಸಲ ಹಾಕಿಸಿಕೊಳ್ಳುತ್ತಾರೆ; ಇವರು ಊರಿನ ಅಡಿಗೆ ಉಂಡು ಎಷ್ಟು ದಿನವಾಯಿತೆಂಬುದು ಮನೆಯಾಕೆಗೆ ಅಷ್ಟರಲ್ಲೇ ತಿಳಿದುಹೋಗುತ್ತದೆ. ಕೈ ತೊಳೆದು ಬಂದು ಕುಳಿತ ಮೇಲೆ ಮನೆಯ ಯಜಮಾನರು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: “ರಿಸಲ್ಟ್ ಏನಾಯಿತಪ್ಪ?” ಮುಂದಿನ ಭಾನುವಾರ ಆ ಅತಿಥಿ ಬರುವುದಿಲ್ಲ.

ಹೀಗೆ ಕೇಳಿದ ಯಜಮಾನರಲ್ಲಿ ನಾವೂ ಒಬ್ಬರು. ಆ ತಪ್ಪನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತಿದ್ದೇವೆ. ನಾವು ಹೇಳಹೊರಟಿರುವುದು ಅಂಥ ಒಬ್ಬ ಗೆಳೆಯರ ವಿಷಯ. ಅವರ ಅನುಮತಿಯುಂಟು, ಹೆಸರು ಮಾತ್ರ ಬೇಡವೆಂದಿದ್ದಾರೆ. ಅವರ ಊರಿನವರು ಇಟ್ಟ ಹೆಸರೊಂದಿದೆ, ಅದನ್ನೇ ಬಳಸುತ್ತೇವೆ.

ಗೆಳೆಯರು ಯಾದಗಿರಿ ಜಿಲ್ಲೆಯವರು. ಕಲಬುರಗಿಯಲ್ಲಿ ಬಿ.ಎಸ್‌ಸಿ. ಓದಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದವರು. 2014ರಲ್ಲಿ, ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಯಾದಗಿರಿ ನಿಲ್ದಾಣದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರು. ಬೀಳ್ಕೊಡಲು ಹದಿನೈದು ಇಪ್ಪತ್ತು ಜನ ಬಂದಿದ್ದರಂತೆ. ರೈಲು ಅಲುಗಿದಾಗ ಯಾರೋ “ನಮ್ಮ ಡೀಸಿ ಸಾಹೇಬ್ರು ಹೊಂಟ್ರು ನೋಡ್ರೀ!” ಎಂದು ಕೂಗಿದರು. ಎಲ್ಲರೂ ನಕ್ಕರು, ಅಪ್ಪ ಮಾತ್ರ ನಗಲಿಲ್ಲ, ಏಕೆಂದರೆ ಅವರು ಅದನ್ನು ನಂಬಿದ್ದರು. ನಂಬಿದ್ದರಿಂದಲೇ ಎರಡು ಎಕರೆ ಜಮೀನನ್ನು ಅಡವಿಟ್ಟಿದ್ದರು. ಅಂದಿನಿಂದ ಊರಲ್ಲಿ ಗೆಳೆಯರ ಹೆಸರು ‘ಡೀಸಿ’.

ಡೀಸಿ ಎಂದರೆ ಜಿಲ್ಲಾಧಿಕಾರಿ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕುರ್ಚಿಗೆ ಹೋಗುವ ದಾರಿಯನ್ನು ಮಾತ್ರ ನಮ್ಮ ಓದುಗರ ಸಲುವಾಗಿ ಎರಡು ಮಾತಿನಲ್ಲಿ ಹೇಳುತ್ತೇವೆ. ಷಾಜಹಾನ್ ರಸ್ತೆಯ ಧೋಲ್‌ಪುರ್ ಹೌಸಿನಲ್ಲಿರುವ ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೊಮ್ಮೆ ಸಿವಿಲ್ ಸರ್ವೀಸಸ್ ಪರೀಕ್ಷೆ ನಡೆಸುತ್ತದೆ. ಮೊದಲು ಪ್ರಿಲಿಮ್ಸ್, ಅದರ ಅಂಕ ಮುಂದಿನ ಹಂತಕ್ಕೆ ಬಾಗಿಲು ತೆರೆಯುವುದಕ್ಕಷ್ಟೆ, ಕೊನೆಯ ಲೆಕ್ಕಕ್ಕೆ ಬಾರದು. ಆಮೇಲೆ ಮೇನ್ಸ್, 1750 ಅಂಕಗಳದು. ಅದನ್ನು ದಾಟಿದವರಿಗೆ 275 ಅಂಕಗಳ ಸಂದರ್ಶನ. ಎಲ್ಲ ಕೂಡಿ 2025. ಅರ್ಜಿ ಹಾಕುವವರು ಲಕ್ಷಗಟ್ಟಲೆ. ಆಯ್ಕೆಯಾಗುವವರು ಸಾವಿರದ ಆಸುಪಾಸು. 2023ರ ಪರೀಕ್ಷೆಯಲ್ಲಿ 1016 ಮಂದಿ, 2024ರದ್ದರಲ್ಲಿ 1009 ಮಂದಿ.

ಸಾಮಾನ್ಯ ವರ್ಗದವರಿಗೆ ವಯೋಮಿತಿ 32. ಆರು ಸಲ ಕುಳಿತುಕೊಳ್ಳಬಹುದು. ಹಿಂದುಳಿದ ವರ್ಗದವರಿಗೆ 35 ವರ್ಷ, ಒಂಬತ್ತು ಸಲ. ಪರಿಶಿಷ್ಟ ಜಾತಿ ಪಂಗಡದವರಿಗೆ 37 ವರ್ಷ, ಸಲಗಳಿಗೆ ಮಿತಿಯಿಲ್ಲ. 2014ಕ್ಕೆ ಮುಂಚೆ ಸಾಮಾನ್ಯ ವರ್ಗದವರಿಗೆ ಮೂವತ್ತು ವರ್ಷ, ನಾಲ್ಕೇ ಸಲ ಎಂದಿತ್ತು. ಎರಡು ಸಲ ಹೆಚ್ಚಿಸಿದ್ದು ಹುಡುಗರ ಒಳಿತಿಗಾಗಿಯೇ ಸರಿ. ಆದರೆ ಅವಕಾಶ ಹೆಚ್ಚಿದಷ್ಟೂ ಕಾಯುವ ಕಾಲವೂ ಹೆಚ್ಚಿತು. ಇಪ್ಪತ್ತೆಂಟಕ್ಕೆ ಊರಿಗೆ ಮರಳುತ್ತಿದ್ದವನು ಮೂವತ್ತೆರಡರವರೆಗೆ ನಿಂತ.

ಗೆಳೆಯರೂ ಹಾಗೆಯೇ ನಿಂತರು. ಓಲ್ಡ್ ರಾಜೇಂದ್ರ ನಗರದ ಒಂದು ಓಣಿಯಲ್ಲಿ ಮೂರನೆಯ ಮಹಡಿಯ ಕೋಣೆ. ಒಂದು ಮಂಚ, ಒಂದು ಮೇಜು. ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಕೋಚಿಂಗಿಗೆ ಒಂದೂವರೆ ಲಕ್ಷದ ಆಚೀಚೆ ತೆತ್ತರು. ಮೊದಲ ಸಲ, 2015ರಲ್ಲಿ, ಪ್ರಿಲಿಮ್ಸ್ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯದರಲ್ಲಿ ಮೇನ್ಸ್ ಬರೆದರು. ನಾಲ್ಕನೆಯದು, 2018ರ ಪರೀಕ್ಷೆ, ಅವರನ್ನು ಧೋಲ್‌ಪುರ್ ಹೌಸಿನ ಒಳಗೇ ಕರೆದೊಯ್ದು ಸಂದರ್ಶನದ ಕುರ್ಚಿಯಲ್ಲಿ ಕೂರಿಸಿತು. ಹದಿನಾಲ್ಕು ಅಂಕಗಳಿಂದ ತಪ್ಪಿತು. “ಪೂರಾ ಸೋತಿದ್ರ ಚೊಲೊ ಇತ್ತು ಸರ. ಆ ಹದಿನಾಲ್ಕು ಮಾರ್ಕು ನನ್ನ ಇನ್ನ ನಾಲ್ಕು ವರ್ಷ ಹಿಡಕೊಂಡು ಕುಂತ್ವು” ಎಂದು ಅವರು ಒಮ್ಮೆ ನಮಗೆ ಹೇಳಿದ್ದುಂಟು. 2020ರಲ್ಲಿ ಕೊರೋನಾ ಬಂದು ಮೇ 31ರ ಪ್ರಿಲಿಮ್ಸ್ ಅಕ್ಟೋಬರ್ 4ಕ್ಕೆ ಹೋಯಿತು; ಅದೂ ಆಗಲಿಲ್ಲ. ಆರನೆಯದೂ ಕಡೆಯದೂ ಆದ ಪರೀಕ್ಷೆ 2022ರ ಜೂನ್ 5ರಂದು. ಆಗ ಅವರಿಗೆ ಮೂವತ್ತೊಂದು.

ಇಲ್ಲಿಯವರೆಗಿನ ಕಥೆ ಸಾವಿರಾರು ಜನರದು. ಮುಂದಿನದು ಮಾತ್ರ ನಮ್ಮನ್ನು ಬಹಳ ದಿನ ಕಾಡಿತು. ಸಲಗಳು ಮುಗಿದವೆಂಬುದನ್ನು ಗೆಳೆಯರು ಮನೆಗೆ ತಿಳಿಸಲಿಲ್ಲ! ಫೋನಿನಲ್ಲಿ ಅಪ್ಪ ಕೇಳಿದಾಗಲೆಲ್ಲ “ನಡದದ ಅಪ್ಪಾ” ಎಂದರು. ಎರಡು ವರ್ಷ ಹಾಗೆಯೇ ಎಂದರು. ಬೆಳಿಗ್ಗೆ ಎಂಟಕ್ಕೆ ಎದ್ದು ಸ್ನಾನ ಮಾಡಿ, ತಿಂಗಳಿಗಿಷ್ಟೆಂದು ಬಾಡಿಗೆ ಕೊಟ್ಟ ಓದುವ ಕೋಣೆಗೆ ಹೋಗಿ, ತಮ್ಮ ನಂಬರಿನ ಕುರ್ಚಿಯಲ್ಲಿ ಕುಳಿತು, ಬರೆಯಲಾಗದ ಪರೀಕ್ಷೆಗೆ ಓದಿದರು. ಕೋಚಿಂಗಿನವರ ಉತ್ತರಪತ್ರಿಕೆಗಳನ್ನು ಪ್ರತಿಗಿಷ್ಟು ಎಂದು ತಿದ್ದಿಕೊಟ್ಟು ಬಾಡಿಗೆಗೆ ದುಡ್ಡು ಮಾಡಿಕೊಂಡರು. ತಂಗಿಯ ಮಗಳ ತೊಟ್ಟಿಲಿಗೆ ಹೋಗಲಿಲ್ಲ. ತಮ್ಮನ ಮದುವೆಗೆ ಹೋದವರು ಅಕ್ಕಿಕಾಳು ಬಿದ್ದ ಸಂಜೆಯೇ ರೈಲು ಹತ್ತಿದರು. ಏಕೆಂದರೆ ಚಪ್ಪರದ ಕೆಳಗೆ ಕಂಡವರೆಲ್ಲ, “ಏನೋ ಡೀಸಿ, ಕಾರಿನ್ಯಾಗ ಯಾವಾಗ ಬರ್ತಿ?” ಎಂದೇ ಮಾತನಾಡಿಸಿದ್ದರು.

ಮೂವತ್ತು ದಾಟಿ ಕೆಲಸವಿಲ್ಲದೆ, ಮದುವೆಯಿಲ್ಲದೆ, ಒಂದು ಊರೆಂಬುದಿಲ್ಲದೆ ಇರುವವನನ್ನು ನಮ್ಮ ಜನ ‘ಗೊತ್ತುಗುರಿ ಇಲ್ಲದವನು’ ಎನ್ನುತ್ತಾರೆ. ಗೆಳೆಯರ ಬಂಧುಗಳೂ ಅಂದರು. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ನಾವೂ ಅಂದೆವು. ಆದರೆ ಯೋಚಿಸಿದರೆ ಇದು ತಿರುಗುಮುರುಗಾದ ಮಾತು. ಈ ಮನುಷ್ಯನಿಗೆ ಗುರಿ ಇರಲಿಲ್ಲವೆಂದಲ್ಲ. ಇದ್ದದ್ದು ಒಂದೇ ಗುರಿ, ಅದೂ ಮುಚ್ಚಿಹೋದದ್ದು. ಅದರ ಎದುರು ನಿಂತೇ ಇದ್ದರು. ಅಲೆಯುವವನು ಬೇರೆ, ಕಾಯುವವನು ಬೇರೆ. ಅಲೆಯುವವನ ಕಾಲಿಗೆ ನಾಲ್ಕು ಊರಿನ ಮಣ್ಣಾದರೂ ಹತ್ತುತ್ತದೆ. ಕಾಯುವವನ ಕಾಲು ನಿಂತಲ್ಲೇ ಜೋಮು ಹಿಡಿಯುತ್ತದೆ.

ಅಲೆದಾಟಕ್ಕೆ ನಮ್ಮ ಕನ್ನಡದಲ್ಲೇ ಒಂದು ದೊಡ್ಡ ಉದಾಹರಣೆಯುಂಟು. ಕೋಟದ ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದವರು. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಖಾದಿ ಎಂದರು, ಊರೂರು ತಿರುಗಿದರು. ‘ವಸಂತ’ ಎಂಬ ಪತ್ರಿಕೆ ನಡೆಸಿದರು. ನಾಟಕ ಆಡಿಸಿದರು, ಕುಣಿತ ಕಲಿತರು, ಫೋಟೋ ಹಿಡಿದರು, ಮೂಕಚಿತ್ರಕ್ಕೂ ಕೈ ಹಾಕಿದರು. ಡಿಗ್ರಿ ಇಲ್ಲ, ಸಂಬಳ ಬರುವ ನೌಕರಿ ಇಲ್ಲ. ಅವರು ಮೂವತ್ತರ ಹೊಸ್ತಿಲಲ್ಲಿದ್ದಾಗ ಯಾರಾದರೂ ಹಿರಿಯರು ‘ಈ ಹುಡುಗನ ಗತಿಯೇನು?’ ಎಂದು ನಿಟ್ಟುಸಿರು ಬಿಟ್ಟಿದ್ದರೆ ಆ ಹಿರಿಯರನ್ನು ದೂರುವಂತಿಲ್ಲ. ಮುಂದೆ 1948ರಲ್ಲಿ ಅವರೇ ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು.

ಆದರೆ ಅದೇ ಮೂವತ್ತರ ದಶಕದಲ್ಲಿ ಅವರಿಗೆ ನೆಲೆ ಸಿಕ್ಕಿತು. 1933ರಲ್ಲಿ ‘ಚೋಮನ ದುಡಿ’ ಬಂತು. 1936ರಲ್ಲಿ ಲೀಲಾ ಅವರನ್ನು, ಜಾತಿಯ ಗೆರೆ ದಾಟಿ, ಮದುವೆಯಾದರು. ಪುತ್ತೂರಿನಲ್ಲಿ ಬೇರೂರಿದರು, ಅಲ್ಲಿ ಅವರು ಬಾಳಿದ ‘ಬಾಲವನ’ ಇಂದಿಗೂ ಉಂಟು. ಮಕ್ಕಳಿಗೆ ಪಾಠ ಹೇಳುವ ಹೊಸ ಹೊಸ ಬಗೆಗಳನ್ನು ಹುಡುಕಿದರು. ಮಕ್ಕಳಿಗೆಂದು ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಬರೆದರು. 1959ರಲ್ಲಿ ಯಕ್ಷಗಾನದ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ, ಮುಂದೆ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ.

ಬಹುಮಾನಗಳ ಮಾತು ಇಲ್ಲಿ ಮುಖ್ಯವಲ್ಲ. ಎಲ್ಲರೂ ಕಾರಂತರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಮಗೆ ಮುಖ್ಯವೆನಿಸಿದ್ದು ಇದು: ಅವರು ‘ಮೊದಲು ನೆಲೆ ಸಿಗಲಿ, ಆಮೇಲೆ ಕೆಲಸ’ ಎಂದು ಕುಳಿತವರಲ್ಲ. ಕೈಗೆ ಸಿಕ್ಕ ಕೆಲಸ ಮಾಡಿದರು. ಅದು ಆಗದಿದ್ದರೆ ಆಗಲಿಲ್ಲವೆಂದು ಬಿಟ್ಟು ಮತ್ತೊಂದನ್ನು ಹಿಡಿದರು. ಬಿಟ್ಟದ್ದೂ ವ್ಯರ್ಥವಾಗಲಿಲ್ಲ. ಊರೂರು ತಿರುಗಿದ ಕಾಲು ಕಾದಂಬರಿಗೆ ಒದಗಿತು. ಕುಣಿತ ಕಲಿತ ಮೈ ಯಕ್ಷಗಾನಕ್ಕೆ ಒದಗಿತು. ‘ಆಗಲಿಲ್ಲ’ ಎಂಬ ಮಾತನ್ನು ನಾಲ್ಕು ಜನರ ಎದುರು ಆಡಬಲ್ಲವನಿಗೆ ಮುಂದಿನ ಹೆಜ್ಜೆಗೆ ನೆಲವಿದೆ. ನಮ್ಮ ಗೆಳೆಯರು ಹತ್ತು ವರ್ಷ ಆಡಲಾರದೆ ಹೋದದ್ದು ಇದೊಂದೇ ಮಾತನ್ನು.

ಇದನ್ನೆಲ್ಲ ಹೇಳಲು ನಾವೇನು ದೊಡ್ಡವರೇ ಎಂದು ಓದುಗರು ಕೇಳಬಹುದು. ಅಲ್ಲ. ನಾವೂ ಬಿ.ಎ. ಮುಗಿಸಿ ಅದೇ ಪರೀಕ್ಷೆಯನ್ನು ಎರಡು ಸಲ ಬರೆದು, ಎರಡು ಸಲವೂ ಪ್ರಿಲಿಮ್ಸಿನ ಹೊಸ್ತಿಲಲ್ಲೇ ಎಡವಿದವರು. ಧೈರ್ಯ ಸಾಲದೆ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಗೆ ಹೋದೆವು. ಗುಮಾಸ್ತಿಕೆ ಸಿಕ್ಕಿತು, ಸರಕಾರಿ ಕ್ವಾರ್ಟರ್ಸ್ ಸಿಕ್ಕಿತು, ಹೆಂಡತಿ ಮಕ್ಕಳಾದರು. ಲೋಕದ ಲೆಕ್ಕದಲ್ಲಿ ನಾವು ನೆಲೆ ಕಂಡವರು. ಆದರೂ ಮೂವತ್ತೈದು ದಾಟಿದ ಮೇಲೆ ಒಂದು ಸಂಜೆ ಕಛೇರಿಯಿಂದ ಬರುವಾಗ ಬಸ್ಸಿನಲ್ಲಿ ಕುಳಿತು ‘ಇವತ್ತು ಏನು ಮಾಡಿದೆವು?’ ಎಂದು ಯೋಚಿಸಿದರೆ ಉತ್ತರ ಹೊಳೆಯಲಿಲ್ಲ. ಹತ್ತು ಕಡತಗಳನ್ನು ಮೇಲಿನವರಿಗೆ ಮಂಡಿಸಿದ್ದೆವು. ಎಂಟು ಕೆಳಗೆ ಇಳಿದು ಬಂದಿದ್ದವು.

ನಮ್ಮ ನುಡಿಯಲ್ಲಿ ‘ಅರ್ಥ’ ಎಂಬ ಶಬ್ದಕ್ಕೆ ಎರಡು ಅರ್ಥ. ಹಣವೂ ಅರ್ಥವೇ, ತಿರುಳೂ ಅರ್ಥವೇ. ನಮಗೆ ಒಂದು ತಿಂಗಳ ಕೊನೆಗೆ ತಪ್ಪದೆ ಬರುತ್ತಿತ್ತು; ಇನ್ನೊಂದು ಬರುತ್ತಿರಲಿಲ್ಲ. ಗೆಳೆಯರಿಗೆ ಎರಡೂ ಇರಲಿಲ್ಲ. ಹೀಗೆ ನಮ್ಮಿಬ್ಬರ ಸ್ನೇಹ ಬೆಳೆಯಿತು.

2023ರ ನವೆಂಬರಿನಲ್ಲಿ ನಮ್ಮ ಸಂಘದಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ನವೆಂಬರ್ ಎಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ತೋರಿಸುವ ತಿಂಗಳು; ‘ಜೀವನ್ ಪ್ರಮಾಣ್’ ಕೊಡಬೇಕು. 2014ರಿಂದ ಇದನ್ನು ಗಣಕದ ಮೂಲಕ ಕೊಡಬಹುದು. ಈಗ ಮೊಬೈಲಿಗೆ ಮುಖ ತೋರಿಸಿದರೂ ನಡೆಯುತ್ತದೆ. ಆದರೆ ಎಂಬತ್ತು ದಾಟಿದ ಅಜ್ಜಿಗೆ ಮೊಬೈಲು ತನ್ನ ಮುಖವನ್ನು ಏಕೆ ಒಪ್ಪುತ್ತಿಲ್ಲವೆಂದು ಹೇಗೆ ತಿಳಿಯಬೇಕು? ಅಂಥ ಒಬ್ಬ ಅಜ್ಜಿ ಭಾನುವಾರ ಸಂಘದ ಜಗಲಿಯಲ್ಲಿ ಕುಳಿತಿದ್ದರು. ಗೆಳೆಯರು ಅಂದು ನಮ್ಮ ಬಲವಂತಕ್ಕೆ ಬಂದವರು, ಮೂಲೆಯಲ್ಲಿ ನಿಂತಿದ್ದರು. ಊಟದ ಎಲೆ ಹಾಕುವುದು ಇನ್ನೂ ತಡವಿತ್ತು. “ಸ್ವಲ್ಪ ನೋಡಿ” ಎಂದೆವು.

ಅವರು ಅಜ್ಜಿಯ ಪ್ರಮಾಣವನ್ನು ಐದು ನಿಮಿಷದಲ್ಲಿ ಮಾಡಿಕೊಟ್ಟು ಅಷ್ಟಕ್ಕೇ ಬಿಡದೆ ಪಿಂಚಣಿಯ ಕಾಗದವನ್ನು ಕೇಳಿ ಓದಿದರು. ಕೇಂದ್ರ ಸರಕಾರದ ಪಿಂಚಣಿದಾರರಿಗೆ ಎಂಬತ್ತು ತುಂಬಿದರೆ ಮೂಲ ಪಿಂಚಣಿಯ ಮೇಲೆ ನೂರಕ್ಕೆ ಇಪ್ಪತ್ತು ಹೆಚ್ಚು ಸಿಗಬೇಕು. ಕುಟುಂಬ ಪಿಂಚಣಿಗೂ ಈ ನಿಯಮವುಂಟು. ಅಜ್ಜಿಗೆ ಎಂಬತ್ತೆರಡಾಗಿತ್ತು, ಸಿಕ್ಕಿರಲಿಲ್ಲ. ಕಾರಣ ಇಷ್ಟೇ: ಯಜಮಾನರ ಪಿಂಚಣಿ ಆದೇಶದಲ್ಲಿ ಹೆಂಡತಿಯ ಜನ್ಮದಿನಾಂಕದ ಜಾಗ ಖಾಲಿ ಇತ್ತು. ಗೆಳೆಯರು ಅಲ್ಲೇ ಕುಳಿತು ಅರ್ಜಿ ಬರೆದರು. ಹತ್ತು ವರ್ಷ ಮೇನ್ಸಿಗೆಂದು ಪಳಗಿದ ಕೈ. ಒಂದು ಪುಟ, ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಾವು ಇಷ್ಟು ವರ್ಷ ಕಛೇರಿಯಲ್ಲಿ ಕಡತ ಬರೆದವರು, ಹಾಗೆ ಬರೆಯಲಾರೆವು. ನಾಲ್ಕು ತಿಂಗಳ ಮೇಲೆ ಅಜ್ಜಿಗೆ ಎರಡು ವರ್ಷದ ಬಾಕಿ ಕೈಸೇರಿತು. ಅವರು ಒಂದು ಡಬ್ಬಿ ಕೋಡುಬಳೆ ಹೊತ್ತು ಸಂಘಕ್ಕೆ ಬಂದರು.

“ಸರ, ಹತ್ತು ವರ್ಷದಾಗ ನಾ ಬರದ ಉತ್ತರಕ್ಕ ಇದೊಂದ ಪೂರಾ ಮಾರ್ಕು ಬಂದದ್ದು” ಎಂದು ಗೆಳೆಯರು ಕೋಡುಬಳೆ ಮುರಿದರು. ಅವರು ನಕ್ಕದ್ದನ್ನು ನಾವು ಅಂದೇ ಮೊದಲು ಕಂಡದ್ದು.

ಅಂದಿನಿಂದ ಭಾನುವಾರ ಹತ್ತರಿಂದ ಒಂದರವರೆಗೆ ಸಂಘದ ಜಗಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ. ಒಂದರಲ್ಲಿ ಗೆಳೆಯರು, ಇನ್ನೊಂದರಲ್ಲಿ ನಾವು. ಪಿಂಚಣಿ, ಆಧಾರ್ ತಿದ್ದುಪಡಿ, ಮಕ್ಕಳ ವರ್ಗಾವಣೆ ಪತ್ರ, ಊರಿನ ಜಮೀನಿನ ಪಹಣಿ ಹೀಗೆ ಏನಾದರೊಂದು. ಪುಕ್ಕಟೆ ಕೆಲಸ. ಆದರೆ ಭಾನುವಾರ ಹತ್ತಕ್ಕೆ ಯಾರೋ ತಮಗಾಗಿ ಕಾದಿರುತ್ತಾರೆಂಬುದು ತಿಳಿದ ಮೇಲೆ ಗೆಳೆಯರು ಶನಿವಾರ ಗಡ್ಡ ಹೆರೆಸತೊಡಗಿದರು. ನಮ್ಮ ಮಟ್ಟಿಗೂ ವಾರದಲ್ಲಿ ಅದೊಂದು ದಿನ ‘ಏನು ಮಾಡಿದೆವು?’ ಎಂಬ ಪ್ರಶ್ನೆಗೆ ಉತ್ತರ ಹೊಳೆಯತೊಡಗಿತು.

ಆದರೂ ಮನೆಯವರಿಗೆ ಹೇಳುವುದು ಉಳಿದೇ ಇತ್ತು. ಅದು ನಡೆದ ಬಗೆ ಹೀಗೆ. 2024ರ ಜುಲೈ 27ರ ಸಂಜೆ ದಿಲ್ಲಿಯಲ್ಲಿ ಜೋರು ಮಳೆ. ಓಲ್ಡ್ ರಾಜೇಂದ್ರ ನಗರದ ಒಂದು ಕೋಚಿಂಗ್ ಕಟ್ಟಡದ ನೆಲಮಾಳಿಗೆಯ ಓದುವ ಕೋಣೆಗೆ ರಸ್ತೆಯ ನೀರು ನುಗ್ಗಿ, ಅಲ್ಲಿದ್ದ ಮೂವರು ವಿದ್ಯಾರ್ಥಿಗಳು ತೀರಿಹೋದರು. ಆ ಸುದ್ದಿ ದೇಶಕ್ಕೆಲ್ಲ ಮುಟ್ಟಿತು. ಯಾದಗಿರಿ ಜಿಲ್ಲೆಯ ಆ ಹಳ್ಳಿಗೂ ಮುಟ್ಟಿತು. ಗೆಳೆಯರು ಬಾಡಿಗೆ ಕೊಡುತ್ತಿದ್ದ ಕುರ್ಚಿಯೂ ಬೇರೊಂದು ಓಣಿಯ ನೆಲಮಾಳಿಗೆಯಲ್ಲೇ ಇತ್ತು. ರಾತ್ರಿ ಅವ್ವನ ಫೋನು ಬಂತು.

“ಎಲ್ಲಿದ್ದೀಯಪ್ಪಾ?”

“ರೂಮಿನ್ಯಾಗ ಇದ್ದೀನಿ ಯವ್ವಾ.”

“ಆ ಪರೀಕ್ಷೆ ಹಾಳಾಗಿ ಹೋಗ್ಲಿ. ನೀ ಬಾ.”

ಗೆಳೆಯರಿಗೆ ಅಂದು ಸುಳ್ಳು ಬರಲಿಲ್ಲ. “ಪರೀಕ್ಷೆ ಎರಡು ವರ್ಷದ ಹಿಂದೇ ಮುಗದದ ಯವ್ವಾ. ಆಗ್ಲಿಲ್ಲ” ಎಂದರು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವ್ವ ಹೇಳಿದರಂತೆ: “ನಮಗ ಗೊತ್ತದ. ಊರಾಗ ಬ್ಯಾರೆ ಹುಡುಗ್ರೂ ಬರೀತಾರ, ಅವ್ರು ಹೇಳಿದ್ರು. ನೀನ ಹೇಳ್ತಿ ಅಂತ ನಿಮ್ಮಪ್ಪ ಸುಮ್ನಿದ್ದ, ನಾನೂ ಸುಮ್ನಿದ್ದೆ.”

ಇದನ್ನು ನಮಗೆ ಹೇಳುವಾಗ ಗೆಳೆಯರು ಕಣ್ಣು ಒರೆಸಿಕೊಳ್ಳಲಿಲ್ಲ, ನಾವು ಒರೆಸಿಕೊಂಡೆವು. ಮಗ ದಿಲ್ಲಿಯಲ್ಲಿ ಕಾಯುತ್ತಿದ್ದ. ತಂದೆ ತಾಯಿ ಊರಲ್ಲಿ ಕಾಯುತ್ತಿದ್ದರು. ಎರಡು ವರ್ಷ ಈ ಎರಡು ಕಡೆಯ ಕಾಯುವಿಕೆಯ ನಡುವೆ ಇದ್ದದ್ದು ಒಂದು ಸಣ್ಣ ಮಾತು.

ಈಗ ಅವರು ಕಲಬುರಗಿಯಲ್ಲಿದ್ದಾರೆ. 2025ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಬಿ.ಎಡ್. ಸೇರಿದರು. ಎರಡು ವರ್ಷದ ಓದು. ತರಗತಿಯ ಹುಡುಗ ಹುಡುಗಿಯರು ಇವರನ್ನು ಮೊದಲ ದಿನ ಮೇಷ್ಟರೆಂದೇ ತಿಳಿದು ಎದ್ದು ನಿಂತರಂತೆ! ಸಂಜೆ ಹೊತ್ತು ಹಳ್ಳಿಯಿಂದ ಬಂದ ಹುಡುಗರಿಗೆ ಭೂಗೋಳ, ಸಂವಿಧಾನ ಹೇಳಿಕೊಡುತ್ತಾರೆ. ಮೊದಲ ಪಾಠದಲ್ಲೇ ತಾವು ಆರು ಸಲ ಬರೆದದ್ದನ್ನೂ ಆಗದಿದ್ದುದನ್ನೂ ಹೇಳಿಬಿಡುತ್ತಾರಂತೆ. ‘ಒಂದು ಕಾಲು ಇಲ್ಲಿಡಿ, ಇನ್ನೊಂದು ಕಾಲಿಗೂ ಜಾಗ ನೋಡಿಕೊಳ್ಳಿ’ ಎಂಬುದು ಅವರ ಉಪದೇಶ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371 (ಜೆ) ವಿಧಿಯಂತೆ ರಾಜ್ಯದ ನೌಕರಿಗಳಲ್ಲಿ ಮೀಸಲು ಉಂಟು. ಆ ವಿಧಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ತಾವು ಅದರ ಕೆಳಗೆ ಒಂದು ಅರ್ಜಿಯನ್ನೂ ಹಾಕಲಿಲ್ಲವೆಂದು ಹೇಳಿ ಹುಡುಗರನ್ನು ನಗಿಸುತ್ತಾರೆ. ನಗು ಮುಗಿದ ಮೇಲೆ ಅರ್ಜಿ ಹಾಕಿಸುತ್ತಾರೆ. ಎಲ್ಲವೂ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಎರಡು ಎಕರೆ ಇನ್ನೂ ಅಡವಿನಲ್ಲೇ ಇದೆ. ಮದುವೆಯ ಮಾತು ಎದ್ದು ಎದ್ದು ಬೀಳುತ್ತಿದೆ. “ಊರಾಗ ಈಗೂ ಡೀಸಿ ಅಂತಾರ್ರಿ ಸರ. ‘ಓ’ ಅಂತೀನಿ” ಎಂದು ಮೊನ್ನೆ ಫೋನಿನಲ್ಲಿ ಹೇಳಿದರು.

ಪ್ರಿಯ ಓದುಗರೇ, ಈ ಭಾನುವಾರವೂ ನಿಮ್ಮಲ್ಲಿ ಯಾರದಾದರೂ ಮನೆಗೆ ಅಂಥ ಅತಿಥಿ ಬರಬಹುದು. ದಿಲ್ಲಿಯಲ್ಲಿ ಪರೀಕ್ಷೆಯವರಾದರೆ ಮುಂಬಯಿಯಲ್ಲಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ ಬೇರೆ ಬೇರೆ ಕಾಯುವವರಿರಬಹುದು. ಸಾರನ್ನು ನಾಲ್ಕನೆಯ ಸಲವೂ ಬಡಿಸಿರಿ. ರಿಸಲ್ಟನ್ನು ಕೇಳಬೇಡಿರಿ. ಕೈಗೆ ಒಂದು ಕೆಲಸ ಕೊಡಿರಿ: ಮಗುವಿನ ಲೆಕ್ಕ ಹೇಳಿಕೊಡುವುದಾಗಲಿ, ಅಜ್ಜನ ಅರ್ಜಿ ಬರೆಯುವುದಾಗಲಿ. ಸಂದರ್ಶನದವರೆಗೆ ಹೋಗಿ ತಪ್ಪಿಸಿಕೊಂಡವರು ಒಪ್ಪಿಗೆ ಕೊಟ್ಟರೆ ಅವರ ವಿವರವನ್ನು ಲೋಕಸೇವಾ ಆಯೋಗವೇ ಬೇರೆ ನೇಮಕದಾರರಿಗೆ ಒದಗಿಸುತ್ತದೆ. 2025ರಿಂದ ಆ ಏರ್ಪಾಟಿಗೆ ‘ಪ್ರತಿಭಾ ಸೇತು’ ಎಂಬ ಹೆಸರು. ಗೊತ್ತಿಲ್ಲದವರಿಗೆ ಇದನ್ನು ತಿಳಿಸಿರಿ. ಊರಲ್ಲಿ ಇಂಥ ಮಗನಿರುವ ತಂದೆತಾಯಿಗಳು ಬಂಧುಗಳಲ್ಲಿದ್ದರೆ, ಮಗ ಹೇಳಲಿ ಎಂದು ಕಾಯದೆ ‘ಆಗದಿದ್ದರೂ ಬಾ’ ಎಂದು ಅವರೇ ಮೊದಲು ಹೇಳುವಂತೆ ಮಾಡಿರಿ.

ಕೊನೆಯದಾಗಿ ಒಂದು ಪ್ರಕಟಣೆ. ಸಂಘದ ಜಗಲಿಯ ಮೇಜಿನಲ್ಲಿ ಈಗ ನಾವೊಬ್ಬರೇ ಕೂರುತ್ತಿದ್ದೇವೆ. ನವೆಂಬರ್ ಬಂದರೆ ಒಬ್ಬರ ಕೈ ಸಾಲದು. ಎರಡನೆಯ ಕುರ್ಚಿ ಖಾಲಿ ಇದೆ. ವಯೋಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರಬಹುದು.